ಅತ್ತೆಯನ್ನು ಮಾಟಗಾತಿ ಮಾಡಿದ ಕಥೆ

ಚಿತ್ರದುರ್ಗದ ಒಂದು ಪಿಯು ಕಾಲೇಜಿನಲ್ಲಿ ನಾನು ಕನ್ನಡ ಪಾಠ ಮಾಡುತ್ತೇನೆ. ಕೆಲಸಕ್ಕೆ ಸೇರಿದ ಎರಡನೇ ವರ್ಷ ನಾವು ನಾಲ್ವರು ಸೇರಿ ಭಾನುವಾರದ ಮಧ್ಯಾಹ್ನಗಳಲ್ಲಿ ಒಂದು ಕಥೆಯಾಟ ಆಡಲು ಶುರು ಮಾಡಿದೆವು. ಅದನ್ನು ಎಲ್ಲೋ ನೋಡಿ ಕಲಿತು ಬಂದವರು ನಮ್ಮ ಕಾಲೇಜಿನ ಫಿಸಿಕ್ಸ್ ಮೇಷ್ಟ್ರು. ಇಪ್ಪತ್ತು ಮುಖದ ಒಂದು ದಾಳ, ಪೆನ್ಸಿಲ್ಲು, ಒಂದಿಷ್ಟು ಕಾಗದ ಇದ್ದರೆ ಸಾಕು. ಒಬ್ಬರು ಕಥೆ ನಡೆಸಬೇಕು. ಉಳಿದವರು ಆ ಕಥೆಯೊಳಗೆ ಯೋಧನೋ ಕಳ್ಳನೋ ವೈದ್ಯೆಯೋ ಆಗಿ, ಬಾಗಿಲು ಒಡೆಯುತ್ತೇನೆ, ಕಂದಕ ಹಾರುತ್ತೇನೆ ಎನ್ನುತ್ತಾ ದಾಳ ಉರುಳಿಸಬೇಕು. ದೊಡ್ಡ ಅಂಕಿ ಬಿದ್ದರೆ ಅಂದುಕೊಂಡದ್ದು ಆಗುತ್ತದೆ, ಸಣ್ಣದು ಬಿದ್ದರೆ ಕಾಲು ಮುರಿಯುತ್ತದೆ. ಕನ್ನಡ ಮೇಡಂ ಅನ್ನುವ ಕಾರಣಕ್ಕೆ ಕಥೆ ನಡೆಸುವ ಕೆಲಸ ನನ್ನ ಪಾಲಿಗೆ ಬಂತು.

ಮೇಷ್ಟ್ರಲ್ಲದೆ ಇನ್ನಿಬ್ಬರಿದ್ದರು. ಒಬ್ಬಳು ನನ್ನ ಜೊತೆ ಬಾಡಿಗೆ ಮನೆ ಹಂಚಿಕೊಂಡಿದ್ದ ನರ್ಸ್ ಗೆಳತಿ. ಇನ್ನೊಬ್ಬರು ನಮ್ಮ ಬೀದಿಯಲ್ಲಿ ಮೆಡಿಕಲ್ ಶಾಪ್ ಇಟ್ಟಿದ್ದವರು. ಅವರ ಊರು ಹಿರೇಗುಂಟನೂರು. ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ನನ್ನ ಸೋದರತ್ತೆಯ ಮನೆಯೂ ಅದೇ ಊರಿನಲ್ಲಿ, ಅವರ ಮನೆಯಿಂದ ಎರಡು ಬೀದಿ ಆಚೆ. ಭಾನುವಾರ ಅಂಗಡಿ ಮುಚ್ಚಿ ನಮ್ಮ ಮಹಡಿ ಮೇಲಿನ ರೂಮಿಗೆ ಬಂದು, ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ, "ಶುರು ಮಾಡ್ರಿ ಮೇಡಂ, ಯಾರ್ನ ಹೊಡೀಬೇಕು ಇವತ್ತು?" ಎನ್ನುತ್ತಿದ್ದರು.

ನಾನು ಕಟ್ಟಿದ ಮೊದಲ ಖಳರು ಯಾರೂ ನಿಲ್ಲಲಿಲ್ಲ. ಕೋಣದ ತಲೆಯ ರಾಕ್ಷಸನೊಬ್ಬನನ್ನು ಅರ್ಧ ಗಂಟೆಯಲ್ಲಿ ಮುಗಿಸಿಬಿಟ್ಟರು. ಬೆಂಕಿ ಉಗುಳುವ ಸರ್ಪವನ್ನು ಮೇಷ್ಟ್ರು ಮೊಸರನ್ನದ ಆಸೆ ತೋರಿಸಿ ಪಳಗಿಸಿದರು. "ಮೇಡಂ, ಇವ್ರಿಗಿಂತ ನಮ್ಮ ಪರೀಕ್ಷೆ ಸ್ಕ್ವಾಡ್‌ನೋರ್ನ ಕಂಡ್ರೇ ಜಾಸ್ತಿ ಹೆದ್ರಿಕೆ ಆಗುತ್ತೆ ನಂಗೆ" ಎಂದು ನಕ್ಕರು. ನನಗೆ ಅವಮಾನವಾಯಿತು. ಇವರನ್ನು ನಿಜವಾಗಿ ಹೆದರಿಸುವಂಥ ಒಬ್ಬಳನ್ನು ತರುತ್ತೇನೆ ಎಂದು ಹಟ ಹಿಡಿದೆ. ಆ ವಾರವೆಲ್ಲ ಯೋಚಿಸಿ, ಕೊನೆಗೆ ಕೈ ಹಾಕಿದ್ದು ಅತ್ತೆಯ ಬದುಕಿಗೆ.

ಅತ್ತೆಯ ಬಗ್ಗೆ ಹೇಳಬೇಕು. ನನ್ನ ಅಪ್ಪ ಹಿರಿಯೂರಿನಲ್ಲಿ ತೆಂಗಿನಕಾಯಿ ಮಂಡಿಯಲ್ಲಿ ಕೆಲಸಕ್ಕಿದ್ದರು. ಅಮ್ಮ ವರ್ಷಗಟ್ಟಲೆ ಕಾಯಿಲೆ ಬಿದ್ದಾಗ, ಮೂರನೇ ತರಗತಿಯಿಂದ ಏಳನೆಯವರೆಗೆ ನನ್ನನ್ನು ಸಾಕಿದವಳು ಅಪ್ಪನ ಅಕ್ಕನಾದ ಈ ಅತ್ತೆ. ಅವಳಿಗೆ ಮಕ್ಕಳಿರಲಿಲ್ಲ. ಮಾವ ಹೊಲದ ಕೆಲಸಕ್ಕೆ ಹೋಗುತ್ತಿದ್ದರು. ನಾನು ಕಾಲೇಜು ಸೇರುವ ಹೊತ್ತಿಗೆ ತೀರಿಕೊಂಡಿದ್ದರು. ಅತ್ತೆ ಊರಿನ ಕೂಸುಗಳಿಗೆ ನೀರು ಹಾಕುತ್ತಿದ್ದಳು. ಹೆರಿಗೆಯಾದ ಮನೆಗೆ ಬೆಳಿಗ್ಗೆ ಹೋಗಿ, ಬಚ್ಚಲಲ್ಲಿ ಕಾಲು ನೀಡಿ ಕೂತು, ಕೂಸನ್ನು ಕಾಲ ಮೇಲೆ ಬೋರಲು ಮಲಗಿಸಿಕೊಂಡು, ಹರಳೆಣ್ಣೆ ತಿಕ್ಕಿ, ಹಂಡೆಯಿಂದ ಬಿಸಿನೀರು ಮೊಗೆದು ಎರೆಯುವಳು. ಕೂಸು ಕೆಂಪಗಾಗಿ ಕಿರುಚಿದರೆ ಅವಳ ಗೊಗ್ಗರು ದನಿ ಅದನ್ನೂ ಮೀರಿಸುತ್ತಿತ್ತು: "ಅಳು ಮಗಾ, ಅಳು. ಅತ್ತಷ್ಟೂ ಎದೆ ಅಗಲಾಗ್ತೈತೆ." ಆಮೇಲೆ ಸಾಂಬ್ರಾಣಿ ಹೊಗೆ ಹಾಕಿ, ಬಟ್ಟೆ ಸುತ್ತಿ ತಾಯಿಯ ಪಕ್ಕ ಮಲಗಿಸಿದರೆ ಕೂಸು ಮಧ್ಯಾಹ್ನದವರೆಗೆ ಏಳುತ್ತಿರಲಿಲ್ಲ. ಆ ಊರಿನಲ್ಲಿ ಈಗ ಮದುವೆಯಾಗಿ ಮಕ್ಕಳಿರುವ ಎಷ್ಟೋ ಜನ ಅವಳ ಕಾಲ ಮೇಲೆ ಬೆಳೆದವರು.

ನಾನು ಡಿಗ್ರಿ ಕೊನೆಯ ವರ್ಷದಲ್ಲಿದ್ದಾಗ, ಒಂದು ರಜೆಯಲ್ಲಿ ಶೇಂಗಾ ಬಿಡಿಸುತ್ತಾ ಕೂತಿದ್ದೆವು. ಅತ್ತೆ ಇದ್ದಕ್ಕಿದ್ದಂತೆ ಒಂದು ಮಾತು ಹೇಳಿದಳು. ಮದುವೆಯಾದ ಹೊಸದರಲ್ಲಿ ಅವರಿದ್ದದ್ದು ಹೊಸದುರ್ಗದ ಕಡೆ ಒಂದು ಹಳ್ಳಿಯಲ್ಲಿ. ಅಲ್ಲಿ ಅವಳು ನೀರು ಹಾಕುತ್ತಿದ್ದ ಒಂದು ಕೂಸು ಎಂಟನೇ ದಿನ ಜ್ವರ ಬಂದು ತೀರಿಹೋಯಿತು. ಮಕ್ಕಳಿಲ್ಲದವಳ ಕೈ ತಾಕಿತು ಎಂದು ಒಬ್ಬರು ಅಂದರು, ಮಾಟ ಮಾಡುತ್ತಾಳೆ ಎಂದು ಇನ್ನೊಬ್ಬರು. ಅವಳು ಬೀದಿಯಲ್ಲಿ ಬಂದರೆ ಬಸುರಿಯರು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಒಂದು ವರ್ಷ ತಾಳಿಕೊಂಡು, ಆಮೇಲೆ ಗಂಡ ಹೆಂಡತಿ ಯಾರಿಗೂ ಹೇಳದೆ ಹಿರೇಗುಂಟನೂರಿಗೆ ಬಂದುಬಿಟ್ಟರು.

"ನಿಮ್ಮಪ್ಪಗೂ ಗೊತ್ತಿಲ್ಲ ಇದು. ನಿನ್ನ ಹೊಟ್ಟೆಯಾಗೆ ಇರ್ಲಿ" ಎಂದಳು. ಇರಲಿ ಎಂದೆ.

ನಾನು ಕಟ್ಟಿದ ಮಾಟಗಾತಿಯ ಹೆಸರು ಹಂಡೆವ್ವ. ಏಳು ಸುತ್ತಿನ ಕಪ್ಪು ಕೋಟೆಯ ತಳದ ಬಚ್ಚಲಲ್ಲಿ ಅವಳು ಕಾಲು ನೀಡಿ ಕೂತಿರುತ್ತಾಳೆ. ಆ ಸೀಮೆಯಲ್ಲಿ ಹುಟ್ಟಿದ ಪ್ರತಿ ಕೂಸಿಗೂ ಮೊದಲ ನೀರು ಅವಳೇ ಹಾಕಬೇಕು. ಹಾಕುವಾಗ ಕೂಸಿನ ಆಯುಷ್ಯದ ಒಂದೊಂದು ವರ್ಷ ನೀರಿನ ಜೊತೆ ಇಳಿದು ಅವಳ ಹಂಡೆ ಸೇರುತ್ತದೆ. ಅದನ್ನು ಕುಡಿದು ಅವಳು ಮುನ್ನೂರು ವರ್ಷ ಬದುಕಿದ್ದಾಳೆ. ರಾಜ, ಸೇನಾಪತಿ, ಸೈನಿಕ ಎಲ್ಲರೂ ಒಂದು ಕಾಲಕ್ಕೆ ಅವಳ ಕಾಲ ಮೇಲೆ ಮಲಗಿದ್ದವರೇ. ಅವಳು ಒಂದು ಸಲ ಕೂಗಿದರೆ ಇಡೀ ಸೈನ್ಯ ಕತ್ತಿ ಬಿಸಾಕಿ ಕೂಸುಗಳ ಹಾಗೆ ಅಳಲು ಶುರು ಮಾಡುತ್ತದೆ. ಅವಳಿಗೆ ನಾನು ಅತ್ತೆಯ ಗೊಗ್ಗರು ದನಿ ಕೊಟ್ಟೆ. ಮಾತನ್ನೂ ಅದನ್ನೇ ಕೊಟ್ಟೆ.

ಮೊದಲ ಸಲ ನಾನು ಕಣ್ಣು ಅರೆಮುಚ್ಚಿ "ಅಳು ಮಗಾ, ಅಳು" ಎಂದಾಗ ಮೇಷ್ಟ್ರು ದಾಳ ಹಿಡಿದ ಕೈಯನ್ನು ಹಾಗೇ ಮೇಲೆ ಹಿಡಿದಿದ್ದರು. ಅವರ ಯೋಧ ಆ ದಿನ ಕತ್ತಿ ಕೆಳಗಿಟ್ಟ. ನನ್ನ ಗೆಳತಿ ತೋಳು ನೇವರಿಸಿಕೊಂಡು, "ಬ್ಯಾಡ ಕಣೇ ಆ ದನಿ, ಮೈ ಜುಮ್ ಅಂತೈತೆ" ಎಂದಳು. ನನಗಾದ ಸಂತೋಷ ಅಷ್ಟಿಷ್ಟಲ್ಲ. ತರಗತಿಯಲ್ಲಿ ಎಷ್ಟು ಒಳ್ಳೆಯ ಪಾಠ ಮಾಡಿದರೂ ಯಾರೂ ನನ್ನನ್ನು ಹಾಗೆ ನೋಡಿರಲಿಲ್ಲ.

ಮೆಡಿಕಲ್ ಶಾಪಿನವರು ಮಾತ್ರ ನನ್ನನ್ನೇ ದಿಟ್ಟಿಸುತ್ತಿದ್ದರು. "ಮೇಡಂ, ತಪ್ಪು ತಿಳ್ಕಬ್ಯಾಡ್ರಿ. ಇದು ನಿಮ್ಮತ್ತೆ ದನಿ ಅಲ್ಲೇನ್ರಿ?"

ಅಲ್ಲ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಾನು ನಕ್ಕೆ. "ಹೌದ್ರಿ, ಆಯಮ್ಮನೇ" ಎಂದೆ. ಅದೂ ಸಾಲದೆ, ಎಲ್ಲರೂ ಕೇಳುವ ಕುತೂಹಲದಲ್ಲಿ ಮುಂದೆ ಬಾಗಿದ್ದನ್ನು ನೋಡಿ, ಹೊಸದುರ್ಗದ ಕಡೆಯ ಆ ಕೂಸಿನ ಕಥೆಯನ್ನೂ ಹೇಳಿಬಿಟ್ಟೆ. ಹಂಡೆವ್ವ ಕೆಟ್ಟವಳಾದದ್ದು ಹೇಗೆ ಎನ್ನುವುದಕ್ಕೆ ಅದು ಹೇಳಿ ಮಾಡಿಸಿದ ಹಾಗಿತ್ತು. ಊರು ಬಾಗಿಲು ಹಾಕಿಕೊಂಡಿತು, ಅವಳು ಮಾಟಗಾತಿಯಾದಳು. "ಇದು ನಿಜವಾಗಿ ನಡೆದದ್ದು" ಎಂದೂ ಸೇರಿಸಿದೆ. ಹಾಗಂದರೆ ಕಥೆಗೆ ತೂಕ ಬರುತ್ತದೆ ಎಂದು ನನಗೆ ಗೊತ್ತಿತ್ತು.

ಮುಂದಿನ ವಾರ ಮೆಡಿಕಲ್ ಶಾಪಿನವರು ಫೋನ್ ತೆಗೆದು, "ಆ ದನಿ ಒಂದ್ಸಲ ರೆಕಾರ್ಡ್ ಮಾಡ್ಕಳ್ಲಾ ಮೇಡಂ? ಮನ್ಯಾಗೆ ಕೇಳಿಸ್ತೀನಿ, ನಗ್ತಾರೆ" ಎಂದರು. ನಾನು ಗಂಟಲು ಸರಿಮಾಡಿಕೊಂಡು, ಮೊದಲಿಗಿಂತ ಚೆನ್ನಾಗಿಯೇ ಮಾಡಿ ತೋರಿಸಿದೆ.

ಒಂದು ತಿಂಗಳು ಕಳೆದಿರಬೇಕು. ಒಂದು ಶನಿವಾರ ಕಾಲೇಜಿಗೆ ರಜೆ ಹಾಕಿ, ಬೆಳಗಿನ ಬಸ್ಸಿಗೆ ಅತ್ತೆಯನ್ನು ನೋಡಲು ಹೋದೆ. ಒಂಬತ್ತು ಗಂಟೆಯಾಗಿತ್ತು. ಆ ಹೊತ್ತಿನಲ್ಲಿ ಅವಳು ಮನೆಯಲ್ಲಿದ್ದದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ. ಅವತ್ತು ಜಗುಲಿಯ ಮೇಲೆ ಸುಮ್ಮನೆ ಕೂತಿದ್ದಳು.

"ಕೂಸಿಗೆ ಹೋಗಿಲ್ವಾ ಅತ್ತೆ?"

"ಇಲ್ಲ ಕಣೆ. ಮೊಣಕೈ ನೋಯ್ತೈತೆ" ಎಂದಳು. ಜಗುಲಿಯ ಧೂಳನ್ನು ಕೈಯಿಂದ ಸವರುತ್ತಾ, "ಮೆಡಿಕಲ್ ಶಾಪಿನ ಹುಡುಗನ ತಂಗಿಗೆ ಹೆರಿಗೆ ಆಗಿ ಹತ್ತು ದಿನ ಆತು. ಅವ್ಳಿಗೂ ನಾನೇ ನೀರು ಹಾಕಿ ಬೆಳೆಸಿದ್ದು. ಈಗ ಅವ್ಳ ಕೂಸಿಗೆ ಬ್ಯಾರೆಯೋರ್ನ ಕರ್ಸವ್ರೆ. ಇನ್ನೊಂದು ಮನೇಲೂ ಬ್ಯಾಡ ಅಂದ್ರು" ಎಂದಳು. ಮೊಣಕೈ ನೋವಿನ ಮಾತು ಅಷ್ಟರಲ್ಲಿ ಅವಳಿಗೇ ಮರೆತುಹೋಗಿತ್ತು.

ಆಗ ಶಾಲೆಗೆ ಹೊರಟಿದ್ದ ಮೂರ್ನಾಲ್ಕು ಹೆಣ್ಣುಮಕ್ಕಳು ಮನೆಯ ಮುಂದೆ ಬಂದವರು, ಅವಳನ್ನು ನೋಡಿ ನಡಿಗೆ ನಿಧಾನ ಮಾಡಿ, "ಹಂಡೆವ್ವಾ! ಅಳು ಮಗಾ ಅಳು!" ಎಂದು ಕಿರುಚಿ ಓಡಿದರು. ಬ್ಯಾಗಿನೊಳಗಿನ ಟಿಫಿನ್ ಡಬ್ಬಿಗಳ ಸದ್ದು ಬೀದಿಯ ತಿರುವಿನವರೆಗೂ ಕೇಳಿಸಿತು.

ಅತ್ತೆ ನನ್ನ ಕಡೆ ತಿರುಗಿದಳು.

"ಅದೇನೇ ಅದು, ಹಂಡೆವ್ವ ಅಂದ್ರೆ? ದುರ್ಗದಾಗೆ ಏನೋ ಆಟ ಆಡ್ತಾರಂತೆ, ಅದ್ರಾಗಿಂದು ಅಂತಾರೆ. ನಿಂಗೇನಾರ ಗೊತ್ತೈತಾ?"

"ನಂಗೊತ್ತಿಲ್ಲ ಅತ್ತೆ" ಎಂದೆ.

ಆ ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ, ಹೇಳಿದ ಮೇಲೆ ನನಗೆ ನಾನೇ ಯಾರೋ ಅನ್ನಿಸಿತು. ಅವಳು ನಂಬಿದಳು. ಒಳಗೆ ಹೋಗಿ ನನಗಾಗಿ ರೊಟ್ಟಿ ತಟ್ಟಿದಳು, ಶೇಂಗಾ ಚಟ್ನಿ ಹಾಕಿದಳು. ನಾನು ತಿಂದೆ.

ಮರುದಿನ ಭಾನುವಾರ. ಹಂಡೆವ್ವನನ್ನು ಅವತ್ತೇ ಮುಗಿಸಿಬಿಟ್ಟರೆ ಎಲ್ಲವೂ ಮುಗಿಯುತ್ತದೆ ಎಂದು ಯಾಕೆ ಅಂದುಕೊಂಡೆನೋ ಗೊತ್ತಿಲ್ಲ. ಬಚ್ಚಲಿನ ಬಾಗಿಲನ್ನು ನಾನೇ ಆಟಗಾರರಿಗೆ ಸುಲಭವಾಗಿ ತೆರೆದುಕೊಟ್ಟೆ. ಮೇಷ್ಟ್ರ ದಾಳ ಇಪ್ಪತ್ತು ಬಿತ್ತು. "ಅವಳ ಹಂಡೆನೇ ಎತ್ತಿ ಅವಳ ಮೇಲೆ ಸುರೀತೀನಿ!" ಎಂದು ಕೂಗಿದರು. ಆಗಲಿ ಎಂದೆ. ಮೆಡಿಕಲ್ ಶಾಪಿನವರು ಚಪ್ಪಾಳೆ ತಟ್ಟಿದರು. ನನ್ನ ಗೆಳತಿ ದಾಳ ಕೈಗೆತ್ತಿಕೊಳ್ಳದೆ, "ಅವ್ಳ ಜೊತೆ ಮಾತಾಡಾಣ ಅಂತಿದ್ದೆ ನಾನು" ಎಂದಳು. ಅವಳ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ, ನಾನು ಕೂಡ.

ಆಟ ಮುಗಿದು ಮೇಷ್ಟ್ರು ಹೋದ ಮೇಲೆ ಮೆಡಿಕಲ್ ಶಾಪಿನವರನ್ನು ತಡೆದು ನಿಲ್ಲಿಸಿ ಕೇಳಿದೆ. ಅವರ ಮುಖ ಇಳಿದುಹೋಯಿತು. ಮನೆಯಲ್ಲಿ ದನಿ ಕೇಳಿಸಿದ್ದು ನಿಜ, ಜೊತೆಗೆ ನಾನು ಹೇಳಿದ ಕೂಸಿನ ಕಥೆಯನ್ನೂ ಹೇಳಿದ್ದರು. ನಗಲಿ ಅಂತಲೇ ಹೇಳಿದ್ದು. ಅವರ ತಾಯಿ ನಗಲಿಲ್ಲ. ತಂಗಿ ರೆಕಾರ್ಡಿಂಗ್ ಅನ್ನು ಗೆಳತಿಯರಿಗೆ ಕಳಿಸಿದ್ದಳು. "ನಾನು ಹಿಂಗಾಗ್ತೈತೆ ಅಂದ್ಕಂಡಿರ್ಲಿಲ್ಲ ಮೇಡಂ. ನೀವೇ ಹೇಳಿದ್ರಲ್ಲ ಅಂತ..." ಎಂದು ಅರ್ಧಕ್ಕೆ ನಿಲ್ಲಿಸಿದರು. ಅವರ ಮೇಲೆ ರೇಗಬೇಕು ಎಂದುಕೊಂಡೇ ನಿಲ್ಲಿಸಿದ್ದೆ. ಕೊನೆಗೆ ಬಾಗಿಲು ತೆರೆದು, ಹೋಗಿ ಬನ್ನಿ ಎಂದೆ.

ಅತ್ತೆಗೆ ನಾನೇ ಹೇಳಬೇಕು ಎಂದು ತೀರ್ಮಾನ ಮಾಡಿ, ಪರೀಕ್ಷೆ ಪೇಪರಿನ ನೆಪ ಹೇಳಿಕೊಂಡು ಎರಡು ವಾರ ಮುಂದೂಡಿದೆ. ಅಷ್ಟರಲ್ಲಿ ಯಾರೋ ಅವಳ ಕಿವಿಗೇ ಫೋನ್ ಹಿಡಿದು ಅದನ್ನು ಕೇಳಿಸಿದ್ದರು.

ನಾನು ಬಾಗಿಲಿಗೆ ಬಂದಾಗ ಅವಳು ಎದ್ದು ನಿಂತಳು. ಸೆರಗು ಸರಿಮಾಡಿಕೊಂಡಳು.

"ಬರ್ರಿ. ಕುಂತ್ಕಳ್ರಿ" ಎಂದಳು.

ನನ್ನ ಹಿಂದೆ ಬೇರೆ ಯಾರೋ ಬಂದಿದ್ದಾರೆ ಎಂದು ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಐದು ವರ್ಷ ನನ್ನ ತಲೆ ಬಾಚಿ, ಬೆನ್ನು ತಿಕ್ಕಿ, "ಏನೇ, ಬಾರೇ, ಹೋಗೇ" ಎಂದವಳು ಕುರ್ಚಿ ಒರೆಸಿ ನನ್ನ ಮುಂದೆ ಇಟ್ಟಳು. ಬಂದ ನೆಂಟರಿಗಾಗಿ ತೆಗೆದಿಡುತ್ತಿದ್ದ ಲೋಟದಲ್ಲಿ ಟೀ ತಂದುಕೊಟ್ಟಳು.

ನಾನು ಎಲ್ಲ ಹೇಳಿದೆ. ಆಟ, ದಾಳ, ದನಿ, ಹೊಸದುರ್ಗದ ಕೂಸು, ಅವತ್ತು ಜಗುಲಿಯ ಮೇಲೆ ಹೇಳಿದ ಸುಳ್ಳು. ಅಳುತ್ತಾ ಹೇಳಿದೆನಾದ್ದರಿಂದ ಕೆಲವನ್ನು ಎರಡೆರಡು ಸಲ ಹೇಳಬೇಕಾಯಿತು. ಅವಳು ಕಂಬಕ್ಕೆ ಒರಗಿ ಕೇಳಿಸಿಕೊಂಡಳು.

"ಕೊನೀಗೆ ಏನಾತು ಅವ್ಳಿಗೆ?" ಎಂದಳು.

"ಯಾರಿಗೆ ಅತ್ತೆ?"

"ಅವ್ಳೇ. ನಿಮ್ಮ ಹಂಡೆವ್ವ."

ಹೇಳದೆ ವಿಧಿಯಿರಲಿಲ್ಲ. "ಸಾಯಿಸಿದ್ರು. ಅವಳ ಹಂಡೆ ನೀರೇ ಅವಳ ಮೇಲೆ ಸುರಿದು."

"ಕುದಿಯೋ ನೀರಾ?"

"ಹೂಂ."

ಅವಳು ತನ್ನ ಅಂಗೈಗಳನ್ನು ನೋಡಿಕೊಂಡಳು. ವರ್ಷಗಟ್ಟಲೆ ನೀರಿನ ಹದ ನೋಡಿ ನೋಡಿ ಅವು ಒರಟಾಗಿದ್ದವು. "ಆಟ ನಡ್ಸೋರು ನೀವೇ ಅಂತೀರಿ. ಅವ್ಳು ಬದುಕೋದು ಸಾಯೋದು ನಿಮ್ಮ ಕೈಯಾಗೆ ಇತ್ತಲ್ರಿ. ಉಳಿಸ್ಕಬೋದಿತ್ತಲ್ಲ."

ತಪ್ಪಾಯಿತು ಎಂದು ಕಾಲು ಮುಟ್ಟಲು ಬಗ್ಗಿದೆ. ಅವಳು ಕಾಲು ಹಿಂದಕ್ಕೆ ಎಳೆದುಕೊಂಡಳು. ಸಿಟ್ಟಿನಿಂದಲ್ಲ, ಗುರುತಿಲ್ಲದವರು ಬಗ್ಗಿದಾಗ ಸಂಕೋಚಪಟ್ಟು ಎಳೆದುಕೊಳ್ಳುತ್ತಾರಲ್ಲ, ಹಾಗೆ. "ಟೀ ಕುಡೀರಿ, ಆರೋಗ್ತೈತೆ" ಎಂದಳು.

ಅಲ್ಲಿಂದ ನೇರ ಮೆಡಿಕಲ್ ಶಾಪಿನವರ ಮನೆಗೆ ಹೋದೆ. ಅವರೂ ಇದ್ದರು. ಅವರ ತಾಯಿ ಮನೆ ಮುಂದಿನ ಹಟ್ಟಿಯಲ್ಲಿ ರಾಗಿ ಹಸನು ಮಾಡುತ್ತಿದ್ದರು. ತಂಗಿ ಒಳಗೆ ಕೂಸಿನ ಜೊತೆ ಮಲಗಿದ್ದಳು. ನಾನು ನಿಂತುಕೊಂಡೇ ಹೇಳಿದೆ: ಹಂಡೆವ್ವ ನಾನು ಕಟ್ಟಿದ ಸುಳ್ಳು, ನನ್ನ ಅತ್ತೆ ಯಾರಿಗೂ ಕೇಡು ಬಯಸಿದವಳಲ್ಲ, ಆ ಕೂಸು ಹೋದದ್ದು ಜ್ವರದಿಂದ. ಮೆಡಿಕಲ್ ಶಾಪಿನವರೂ "ಹೌದವ್ವ, ಬರೀ ಆಟ ಅದು" ಎಂದರು.

ಅವರ ತಾಯಿ ಮೊರ ಕೆಳಗಿಟ್ಟರು. ಕೆಟ್ಟ ಹೆಂಗಸಲ್ಲ ಅವರು. "ಆಟ ಅಂತ ನಮಗೂ ಗೊತ್ತೈತೆ ಬಿಡವ್ವ. ಅಷ್ಟು ದಡ್ಡರಲ್ಲ ನಾವು" ಎಂದರು. "ನನ್ನ ಮಕ್ಳಿಬ್ರಿಗೂ ಆಯಮ್ಮನೇ ನೀರು ಹಾಕಿದ್ದು. ಆದ್ರೆ ಒಡಹುಟ್ಟಿದೋನ ಮಗ್ಳು, ಮನ್ಯಾಗೆ ಬೆಳೆದೋಳು, ಓದಿದೋಳು. ನೀನೇ ಹಿಂಗೆ ಹೇಳಿದ ಮ್ಯಾಲೆ ಒಳಗೆ ಏನೋ ಇದ್ದಿರ್ಬೇಕು ಅನ್ಸಲ್ವಾ? ಕೂಸಿನ ವಿಷ್ಯ. ನಾನು ಹ್ಯಾಂಗೆ ಕರೀಲಿ?"

ಒಳಗಿನಿಂದ ಕೂಸು ಅತ್ತಿತು. ಅವರು ಎದ್ದು ಹೋದರು. ನಾವಿಬ್ಬರೂ ಹಟ್ಟಿಯಲ್ಲಿ ಒಬ್ಬರ ಮುಖ ಒಬ್ಬರು ನೋಡದೆ ನಿಂತಿದ್ದೆವು.

ರೆಕಾರ್ಡಿಂಗ್ ಅಳಿಸಿ ಎಂದು ಕೇಳಿಕೊಂಡು ಇನ್ನೂ ಐದಾರು ಮನೆಗೆ ಹೋದೆ. ಕೆಲವರು ನನ್ನ ಮುಂದೆಯೇ ಅಳಿಸಿದರು. ಒಬ್ಬಾಕೆ ಅಳಿಸುವ ಮೊದಲು ಇನ್ನೊಂದು ಸಲ ಹಾಕಿ ಕೇಳಿದಳು. ನನ್ನ ದನಿ ಆ ಮನೆಯ ಪಡಸಾಲೆಯಲ್ಲಿ ನನ್ನ ಮುಂದೆಯೇ "ಅಳು ಮಗಾ" ಎಂದಿತು. ತುಂಬ ಚೆನ್ನಾಗಿ ಮಾಡಿದ್ದೆ. ಅದಕ್ಕಿಂತ ನಾಚಿಕೆ ನನಗೆ ಇನ್ಯಾವುದರಿಂದಲೂ ಆಗಿಲ್ಲ.

ಎರಡು ತಿಂಗಳು ಅತ್ತೆಯನ್ನು ಯಾರೂ ಕರೆಯಲಿಲ್ಲ. ಆಮೇಲೆ ಈರುಳ್ಳಿ ಕೀಳಲು ಹೊರಗಿನಿಂದ ಬಂದಿದ್ದ ಒಂದು ಕೂಲಿ ಕುಟುಂಬದಲ್ಲಿ ಹೆರಿಗೆಯಾಯಿತು. ಅವರಿಗೆ ಊರಿನ ಮಾತು ಗೊತ್ತಿರಲಿಲ್ಲ, ಬೇರೆ ದಿಕ್ಕೂ ಇರಲಿಲ್ಲ. ಹೊಲದ ಶೆಡ್ಡಿನ ಪಕ್ಕ ಮೂರು ಕಲ್ಲು ಹೂಡಿ, ಅಲ್ಯೂಮಿನಿಯಂ ಡಬರಿಯಲ್ಲಿ ನೀರು ಕಾಯಿಸಿ ಅತ್ತೆ ಆ ಕೂಸಿಗೆ ನೀರು ಹಾಕಿದಳು. ಕೂಸು ಗುಂಡಗೆ ಆಯಿತು. ಅದನ್ನು ನೋಡಿಕೊಂಡು ಇನ್ನೊಂದು ಮನೆಯವರು ಕರೆದರು. ಈಗ ವರ್ಷಕ್ಕೆ ನಾಲ್ಕೈದು ಮನೆಗೆ ಹೋಗುತ್ತಾಳೆ. ಮೊದಲಿನಷ್ಟಿಲ್ಲ. ಮೆಡಿಕಲ್ ಶಾಪಿನವರ ಮನೆಯಿಂದ ಕರೆ ಬಂದಿಲ್ಲ. ಅವರು ಅಂಗಡಿಯಲ್ಲಿ ನನ್ನನ್ನು ಕಂಡರೆ ಔಷಧಿ ಕೊಟ್ಟು ಬೇಗ ಬೇರೆಯವರ ಕಡೆ ತಿರುಗುತ್ತಾರೆ. ಆಟವನ್ನು ಮೇಷ್ಟ್ರು ಬೇರೆ ಗುಂಪಿನ ಜೊತೆ ಮುಂದುವರಿಸಿದ್ದಾರೆ. ಹಂಡೆವ್ವನಷ್ಟು ಜೋರಾದವಳು ಮತ್ತೆ ಸಿಗಲಿಲ್ಲ, ಒಂದು ಸಲ ಬಂದು ಅವಳಿಗೆ ಜೀವ ಕೊಡಿ ಎಂದು ಸ್ಟಾಫ್ ರೂಮಿನಲ್ಲಿ ಕೇಳುತ್ತಿರುತ್ತಾರೆ. ಅವರಿಗೆ ಪೂರ್ತಿ ವಿಷಯ ಹೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.

ಹಿರೇಗುಂಟನೂರಿಗೆ ತಿಂಗಳಿಗೊಮ್ಮೆ ಹೋಗುತ್ತೇನೆ. ಅತ್ತೆ ಮಾತಾಡುತ್ತಾಳೆ, ಮಳೆ, ಬಸ್ಸು, ಅಪ್ಪನ ಮೊಣಕಾಲು ನೋವು. ಕೆಲವು ಸಲ ಮರೆತು "ಏನೇ" ಎಂದುಬಿಡುತ್ತಾಳೆ. ತನ್ನ ವಿಷಯ ಮಾತ್ರ ಏನೂ ಹೇಳುವುದಿಲ್ಲ.

ಇದನ್ನು ಬರೆಯಬೇಕು ಅನ್ನಿಸಿದಾಗ ಈ ಸಲ ಮೊದಲು ಅವಳನ್ನೇ ಕೇಳಿದೆ. ಅವಳು ಒಲೆಯ ಮುಂದೆ ಕೂತು ಸೊಪ್ಪು ಸೋಸುತ್ತಿದ್ದಳು. ಇನ್ನೊಂದು ಕಟ್ಟು ಬಿಚ್ಚಿಕೊಂಡಳು.

"ನನ್ನ ಬಗ್ಗೆ ಬರ್ಕ. ನನ್ನ ಮಾತು ಹೆಂಗೂ ಊರೆಲ್ಲ ಆಗೈತೆ" ಎಂದಳು. "ಆ ಹಳ್ಳಿ ಹೆಸರು ಮಾತ್ರ ಬ್ಯಾಡ. ಆ ಕೂಸಿನ ತಾಯಿ ಇನ್ನೂ ಬದುಕವ್ಳೆ. ಯಾರಾರ ಓದಿ ಆಯಮ್ಮಗೆ ಹೇಳಿದ್ರೆ ಪಾಪ, ಈ ವಯಸ್ಸಿನಾಗೆ ಮತ್ತೆ ನೆನಪಾಗ್ತೈತೆ."

ಇಷ್ಟು ದಿನಗಳಲ್ಲಿ ಆ ತಾಯಿ ಒಂದು ಸಲವೂ ನನ್ನ ಯೋಚನೆಗೆ ಬಂದಿರಲಿಲ್ಲ. ಅವಳ ಕೂಸು ನನಗೆ ಒಂದು ಕಥೆಯ ಕಾರಣವಾಗಿತ್ತು ಅಷ್ಟೇ. ಆಗಲಿ ಅತ್ತೆ ಎಂದೆ. ಅವಳು ಸೋಸಿದ ಸೊಪ್ಪನ್ನು ನನ್ನ ಕಡೆ ತಳ್ಳಿ, ತೊಳೆದು ತಾ ಎಂದಳು. ನಾನು ಎದ್ದು ನಲ್ಲಿಯ ಹತ್ತಿರ ಹೋದೆ.